ಅಳಿಸಬಹುದು, ಬರೆಯುವಂತಿಲ್ಲ

ಎರಡು ವರ್ಷದ ಹಿಂದೆ ನಾನು ಬರೆದ ಒಂದು ವಾಕ್ಯವನ್ನು ಗವರ್ನರ್ ಕೊಂದ. ಕೊಂದ ಅನ್ನುವುದೂ ತಪ್ಪು. ಸಾಯಿಸಿದ್ದರೆ ಮರೆಯಬಹುದಿತ್ತು. ಅವನು ಅದನ್ನು ಬೇರೆಯೇ ವಾಕ್ಯ ಮಾಡಿ ನನ್ನ ಮುಖಕ್ಕೆ ವಾಪಸ್ ಎಸೆದ.

ನಾನು ಶಾಸನಸಭೆಯ ಕರಡು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಶಾಸಕರು ಬಂದು ತಮಗೆ ಏನು ಬೇಕು ಅಂತ ಹೇಳುತ್ತಾರೆ, ನಾವು ಅದನ್ನು ಕಾನೂನಿನ ಮಾತಿನಲ್ಲಿ ಬರೆಯುತ್ತೇವೆ. ಎರಡೂ ಪಕ್ಷದವರಿಗೂ ಬರೆಯುತ್ತೇವೆ. ನಮಗೆ ಪಕ್ಷ ಇಲ್ಲ, ಅಭಿಪ್ರಾಯ ಇಲ್ಲ, ಕಚೇರಿಯ ಹೊರಗೆ ಬಾಯಿ ಇಲ್ಲ. ಎರಡೂ ಸಭೆಯಲ್ಲಿ ಪಾಸಾದ ಮಸೂದೆ ಗವರ್ನರ್ ಮೇಜಿಗೆ ಹೋಗುತ್ತದೆ. ಅವನನ್ನೂ ಜನರೇ ಆರಿಸಿ ಕೂರಿಸಿದ್ದಾರೆ, ಹಾಗಾಗಿ ನಮ್ಮ ಶಾಸಕರಿಗೆ ಅವನು ಹೆದರಬೇಕಾಗಿಲ್ಲ. ಬಜೆಟ್ ಮಸೂದೆಯಾದರೆ ನಮ್ಮ ರಾಜ್ಯದಲ್ಲಿ ಅವನ ಕೈಗೆ ಇನ್ನೂ ಒಂದು ಆಯುಧ ಸಿಗುತ್ತದೆ: ಕಪ್ಪು ಮಾರ್ಕರ್. ಇಡೀ ಮಸೂದೆಯನ್ನು ತಿರಸ್ಕರಿಸುವ ಗೋಜಿಲ್ಲ. ಒಂದು ವಾಕ್ಯದೊಳಗೆ ತನಗೆ ಬೇಡದ ಪದಗಳನ್ನು ಹೊಡೆದುಹಾಕಬಹುದು. ಉಳಿದದ್ದು ಓದಿದರೆ ಅರ್ಥವಾಗುವ ಹಾಗಿದ್ದರೆ ಸಾಕು, ಅದೇ ಕಾನೂನು. ಅಕ್ಷರ ಹೊಡೆದು ಹೊಸ ಪದ ಹುಟ್ಟಿಸುವಂತಿಲ್ಲ, ಎರಡು ವಾಕ್ಯ ಬೆಸೆಯುವಂತಿಲ್ಲ ಅಂತ ಕೋರ್ಟು ಹೇಳಿದೆ. ಅಷ್ಟೇ ಅವನಿಗಿರುವ ಬೇಲಿ.

ಗ್ರೇಲಿಂಗ್ ದ್ವೀಪದ ಮಕ್ಕಳಿಗಾಗಿ ನಾನು ಬರೆದಿದ್ದು ಇದು: ‘ಶಾಲೆಗೆ ರಜೆ ಇರುವ ದಿನ ಬಿಟ್ಟು ಉಳಿದ ಎಲ್ಲ ದಿನ ಇಲಾಖೆಯು ಗಾಳಿಬಂಡಿ ಓಡಿಸತಕ್ಕದ್ದು.’

ಗವರ್ನರ್ ನಾಲ್ಕು ಪದ ಹೊಡೆದ. ಉಳಿದಿದ್ದು: ‘ಶಾಲೆಗೆ ರಜೆ ಇರುವ ದಿನ ಇಲಾಖೆಯು ಗಾಳಿಬಂಡಿ ಓಡಿಸತಕ್ಕದ್ದು.’

ಇಡೀ ರಾಜ್ಯ ನಕ್ಕಿತು. ದ್ವೀಪದವರು ನಗಲಿಲ್ಲ. ಡಿಸೆಂಬರಿನಲ್ಲಿ ಸರೋವರ ಹೆಪ್ಪುಗಟ್ಟಲು ಶುರುವಾದ ಮೇಲೆ ದೋಣಿ ನಿಲ್ಲುತ್ತದೆ. ಮಂಜುಗಡ್ಡೆ ಕಾರಿನ ಭಾರ ತಾಳುವಷ್ಟು ದಪ್ಪವಾಗಲು ಆರು ವಾರ ಬೇಕು. ಆ ಆರು ವಾರ ದಾಟಿಸುವುದು ಗಾಳಿಬಂಡಿ ಒಂದೇ. ಹಿಂಬದಿಗೆ ವಿಮಾನದ ಫ್ಯಾನು ಕಟ್ಟಿದ ಚಪ್ಪಟೆ ದೋಣಿ ಅದು. ಗಡ್ಡೆಯ ಮೇಲೆ ಜಾರುತ್ತದೆ, ಗಡ್ಡೆ ಒಡೆದರೆ ನೀರಿನಲ್ಲಿ ತೇಲುತ್ತದೆ. ಎರಡು ಚಳಿಗಾಲ ಅದು ಶನಿವಾರ ಭಾನುವಾರ ಓಡಿತು, ಕ್ರಿಸ್‌ಮಸ್‌ಗೆ ಓಡಿತು. ದ್ವೀಪದ ಒಂಬತ್ತು ಮಕ್ಕಳು ಸೋಮವಾರದಿಂದ ಶುಕ್ರವಾರ ದಡದ ಊರಿನಲ್ಲಿ ಯಾರದೋ ನೆಲಮಾಳಿಗೆಯಲ್ಲಿ ಮಲಗಿ ಶಾಲೆಗೆ ಹೋದರು. ಕಳೆದ ಫೆಬ್ರುವರಿಯಲ್ಲಿ ಬಂಡಿಯ ಎಂಜಿನ್ನೂ ಸತ್ತಿತು.

ಈ ಜೂನ್‌ನಲ್ಲಿ ಮತ್ತೆ ಬಜೆಟ್ ಬಂತು. ಹಳೆಯ ವಾಕ್ಯದ ಆಯುಷ್ಯ ಮೂವತ್ತನೇ ತಾರೀಖಿಗೆ ಮುಗಿಯುತ್ತಿತ್ತು. ವೆರ್ನಾ ಡುಫೊ ನನ್ನ ಮೇಜಿನ ಮುಂದೆ ಬಂದು ನಿಂತಳು. ದ್ವೀಪ ಇರುವ ಕ್ಷೇತ್ರದ ಶಾಸಕಿ, ಮೊದಲು ಮೀನಿನ ದೋಣಿ ನಡೆಸುತ್ತಿದ್ದವಳು, ಅರವತ್ತು ದಾಟಿದ್ದಾಳೆ.

“ಏನಮ್ಮಾ ಝೂವಾ, ರಜೆ ವಾಕ್ಯದ ಕವಯಿತ್ರಿ. ಇದ್ದೀಯಾ ಇನ್ನೂ? ಕೆಲಸದಿಂದ ತೆಗೀಲಿಲ್ವಾ?”

“ತೆಗೆದಿದ್ರೆ ನಿಮ್ಮನ್ನ ನೋಡೋದು ತಪ್ತಿತ್ತು.”

“ಬಾಯಿ ಬಂದಿದೆ. ಒಳ್ಳೇದು. ಕೇಳು. ವಾಷಿಂಗ್‌ಟನ್ನಿನ ಕೇಂದ್ರ ಸರ್ಕಾರದೋರು ಹೊಸ ಬಂಡಿ ಕೊಡ್ತಾರಂತೆ. ಆದ್ರೆ ಅದನ್ನ ಓಡ್ಸೋ ಹೊಣೆ ನಮ್ಮದೇ ಅಂತ ರಾಜ್ಯದ ಕಾನೂನಲ್ಲಿ ಇರ್ಬೇಕು. ಜುಲೈ ಒಂದರೊಳಗೆ. ಇಲ್ಲಾಂದ್ರೆ ಬಂಡಿ ಬೇರೆ ರಾಜ್ಯಕ್ಕೆ ಹೋಗುತ್ತೆ.”

“ಗವರ್ನರ್ ಏನಂತಾರೆ?”

“ಏನಂತಾನೆ? ‘ವಾಷಿಂಗ್‌ಟನ್ ಇವತ್ತು ಬಂಡಿ ಕೊಡುತ್ತೆ, ನಾಳೆ ಡೀಸೆಲ್ ಹಾಕೋನು ನಾನು’ ಅಂತಾನೆ. ಅವರು ಕೊಟ್ಟಿದ್ದೆಲ್ಲ ಇಸ್ಕೊಳ್ಳೋಕೆ ತಾನೇನು ಅವರ ಪೋಸ್ಟ್‌ಮ್ಯಾನಾ ಅಂತಾನೆ. ಒಂದು ಕಡೆ ನೋಡಿದ್ರೆ ಅವನ ಮಾತೂ ನಿಜವೇ. ಆದ್ರೆ ನನ್ನ ಒಂಬತ್ತು ಮಕ್ಕಳಿಗೆ ಅದನ್ನ ಹೇಳೋಕೆ ಆಗಲ್ಲ.” ಅವಳು ಮೇಜಿನ ಮೇಲೆ ಎರಡೂ ಕೈ ಊರಿದಳು. “ನಾಲ್ಕು ಮನೆಯೋರು ಹೇಳಿಬಿಟ್ಟಿದ್ದಾರೆ. ಈ ಚಳಿಗಾಲ ಬಂಡಿ ಇಲ್ಲಾಂದ್ರೆ ದ್ವೀಪ ಬಿಡ್ತೀವಿ ಅಂತ. ನಾಲ್ಕು ಮನೆ ಹೋದ್ರೆ ಮಕ್ಕಳೇ ಇಲ್ಲ. ಕತ್ತರಿ ಆಡೋಕಾಗದಂಥ ವಾಕ್ಯ ಬೇಕು. ಮಧ್ಯಾಹ್ನ ಎರಡಕ್ಕೆ ಸಮಿತಿ ಕೂರುತ್ತೆ.”

“ಮೂರನೇ ಎರಡು ಭಾಗ ಓಟು ಸಿಕ್ಕಿದ್ರೆ ಅವರು ಹೊಡೆದಿದ್ದನ್ನ ನೀವೇ ವಾಪಸ್ ತರಬಹುದು.”

“ಎಂಟು ಓಟು ಕಮ್ಮಿ. ನೀನು ತಂದುಕೊಡ್ತೀಯಾ?”

ಗಡಿಯಾರದಲ್ಲಿ ಒಂಬತ್ತೂವರೆ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಬಜೆಟ್ಟಿನ ಯಾವ ವಾಕ್ಯವನ್ನೂ ನೇರ ಮೇಲಕ್ಕೆ ಕಳಿಸುವುದಿಲ್ಲ. ಮೊದಲು ಒಬ್ಬರು ಗವರ್ನರ್ ಆಗಬೇಕು. ಮಾರ್ಕರ್ ಹಿಡಿದು ಆ ವಾಕ್ಯವನ್ನು ಆದಷ್ಟು ಕೆಟ್ಟದಾಗಿ ಕೊಯ್ಯಬೇಕು. ಅದಕ್ಕೆ ನಾವು ಕತ್ತರಿ ಆಟ ಅನ್ನುತ್ತೇವೆ. ಲೊರೆಟ್ಟಾ ಝೀಮರ್ ನಮ್ಮ ಮುಖ್ಯಸ್ಥೆ, ಮೂವತ್ತೊಂದು ವರ್ಷದ ಸರ್ವಿಸು. ಈ ಆಟದಲ್ಲಿ ಅವರನ್ನು ಒಬ್ಬನೇ ಸೋಲಿಸಿದ್ದ. ಡೆಸ್ಮಂಡ್ ಪ್ರೂಯಿಟ್. ಅವನು ಈಗ ಗವರ್ನರ್‌ನ ವಕೀಲ. ನನ್ನ ರಜೆ ವಾಕ್ಯವನ್ನು ಹೊಡೆದ ಮಾರ್ಕರ್ ನಿಜವಾಗಿ ಅವನದೇ.

“ಕೊಡು,” ಅಂದರು ಲೊರೆಟ್ಟಾ, ಮಾರ್ಕರಿನ ಮುಚ್ಚಳ ಹಲ್ಲಿನಲ್ಲಿ ಕಿತ್ತು.

ನಾನು ಬರೆದುಕೊಟ್ಟೆ: ‘ಸರೋವರದಲ್ಲಿ ದೋಣಿ ಓಡದ ಎಲ್ಲ ದಿನಗಳಲ್ಲಿ ಇಲಾಖೆಯು ಗಾಳಿಬಂಡಿ ಓಡಿಸತಕ್ಕದ್ದು.’

ಅವರು ಎರಡು ಗೆರೆ ಎಳೆದು ಕಾಗದ ನನ್ನ ಕಡೆ ತಿರುಗಿಸಿದರು. ‘ಸರೋವರದಲ್ಲಿ ದೋಣಿ ಇಲಾಖೆಯು ಓಡಿಸತಕ್ಕದ್ದು.’

“ದೋಣಿ ಈಗ್ಲೇ ಓಡ್ತಿದೆ. ಥ್ಯಾಂಕ್ಸ್ ಝೂವಾ ಲೋರ್. ಮುಂದಿನದು.”

‘ವಾರದಲ್ಲಿ ಒಂದು ದಿನ ಕೂಡ ತಪ್ಪದಂತೆ ಇಲಾಖೆಯು ಗಾಳಿಬಂಡಿ ಓಡಿಸತಕ್ಕದ್ದು.’

ಈ ಸಲ ಕೊಯ್ಯಲು ಅವರಿಗೆ ನಾಲ್ಕು ಸೆಕೆಂಡು ಸಾಕಾಯಿತು. ‘ವಾರದಲ್ಲಿ ಒಂದು ದಿನ ಇಲಾಖೆಯು ಗಾಳಿಬಂಡಿ ಓಡಿಸತಕ್ಕದ್ದು.’

“ಯಾವ ದಿನ? ಭಾನುವಾರ ಅಂತ ಆಣೆ ಮಾಡ್ತೀನಿ,” ಅಂದರು. “ನೀನು ಅವನಿಗೆ ಚಾಕು ಹರಿತ ಮಾಡಿ ಕೊಡ್ತಿದ್ದೀಯ. ‘ತಪ್ಪದಂತೆ’, ‘ಬಿಟ್ಟು’, ‘ಹೊರತು’. ಇಂಥ ಪದ ಕಂಡ್ರೆ ಡೆಸ್ಮಂಡ್‌ಗೆ ಬಾಯಲ್ಲಿ ನೀರೂರುತ್ತೆ.”

ನನಗೆ ಮೈ ಬಿಸಿಯಾಯಿತು. ಮೂರನೆಯದು ಮೂರೇ ಪದ ಬರೆದೆ. ‘ಇಲಾಖೆಯು ಗಾಳಿಬಂಡಿ ಓಡಿಸತಕ್ಕದ್ದು.’ ಕೊಯ್ಯಿ ನೋಡೋಣ.

ಅವರು ಒಂದೇ ಗೆರೆ ಎಳೆದರು. ಮೊದಲ ಪದದಿಂದ ಕೊನೆಯ ಪದದವರೆಗೆ.

“ಇದು ಮೋಸ!”

“ಇದು ಕಾನೂನು. ಚಿಕ್ಕ ವಾಕ್ಯ ಅಂದ್ರೆ ಅವನಿಗೆ ಕೆಲಸ ಕಮ್ಮಿ, ಅಷ್ಟೇ. ಪೂರ್ತಿ ಹೊಡೆದ್ರೆ ಅವನಿಗೇನು ನಷ್ಟ? ಅವನಿಗೆ ನಷ್ಟ ಆಗೋ ಹಾಗೆ ಬರಿ.”

ಅವನಿಗೆ ಬೇಕಾದ ಒಂದು ವಸ್ತುವಿನ ಜೊತೆ ಬಂಡಿಯನ್ನು ಸೇರಿಸಬೇಕು. ಆದರೆ ಪಕ್ಕಪಕ್ಕ ಎರಡು ಪದ ಇಟ್ಟರೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊಡೆಯುತ್ತಾನೆ. ಎರಡೂ ಒಂದೇ ಪದದೊಳಗೆ ಇರಬೇಕು. ಅಂಥ ಪದ ಎಲ್ಲಿದೆ?

ಗವರ್ನರ್ ಕಳಿಸಿದ ಬಜೆಟ್ ಪ್ರಸ್ತಾವ ತೆಗೆದುಕೊಂಡು ಕೂತೆ. ಏಳು ನೂರು ಪುಟ. ಅವನಿಗೆ ಏನು ಬೇಕು ಅಂತ ಅವನೇ ಬರೆದಿರುತ್ತಾನಲ್ಲ. ಉತ್ತರದ ಕೌಂಟಿಗಳ ಭಾಗಕ್ಕೆ ಬಂದಾಗ ಹನ್ನೊಂದು ಗಂಟೆ. ಚುನಾವಣೆಯಲ್ಲಿ ಅವನು ಉತ್ತರದ ಮೀನು ಹಿಡಿಯುವವರಿಗೆ ಒಂದು ಮಾತು ಕೊಟ್ಟಿದ್ದ. ಹೆಪ್ಪುಗಟ್ಟಿದ ಸರೋವರಗಳ ಮೇಲೆ ಅವರ ಟ್ರಕ್ಕುಗಳು ಹೋಗಲು ರಾಜ್ಯವೇ ದಾರಿ ಮಾಡಿಕೊಡುತ್ತದೆ ಅಂತ. ಆ ದಾರಿಗೆ ಉತ್ತರದವರು ಹಿಂದಿನಿಂದಲೂ ಅನ್ನುವ ಹೆಸರು ಹಿಮದಾರಿ. ಪುಟ ನಾನೂರ ಹದಿನೆಂಟರಲ್ಲಿ ಅವನದೇ ವಾಕ್ಯ: ‘ಇಲಾಖೆಯು ರಾಜ್ಯದಲ್ಲಿ ಹಿಮದಾರಿ ನಡೆಸಬಹುದು.’

ಇದು ಅವನಿಗೆ ಬೇಕು. ಇದಕ್ಕಾಗಿ ಅವನು ಆರು ಊರಿನಲ್ಲಿ ಭಾಷಣ ಮಾಡಿದ್ದಾನೆ.

ಹಿಮದಾರಿ ಅನ್ನುವ ಪದವನ್ನು ನಮ್ಮ ಕಾನೂನು ಎಲ್ಲಾದರೂ ವಿವರಿಸಿದೆಯೇ ಅಂತ ನೋಡುವುದು ನನ್ನ ಮಾಮೂಲಿ ಕೆಲಸ. ಹುಡುಕಿದೆ. ಒಂದೇ ಒಂದು ಕಡೆ ಸಿಕ್ಕಿತು. ಎಂಬತ್ತಾರನೇ ಅಧ್ಯಾಯ, ಕುದುರೆಗಳು ಮಂಜಿನ ಮೇಲೆ ಮರದ ದಿಮ್ಮಿ ಎಳೆಯುತ್ತಿದ್ದ ಕಾಲದ್ದು, ಸಾವಿರದ ಒಂಬೈನೂರ ಹನ್ನೊಂದು. ಅದನ್ನು ಯಾರೂ ಬಳಸಿರಲಿಲ್ಲ, ಹಾಗಾಗಿ ಯಾರೂ ರದ್ದು ಮಾಡಿಯೂ ಇರಲಿಲ್ಲ. ಅದು ಪದದ ಅರ್ಥವನ್ನಷ್ಟೇ ಹೇಳಿ, ಕೆಲಸ ಯಾರಿಗೂ ಒಪ್ಪಿಸದೆ ಬಿಟ್ಟಿತ್ತು. ಒಂದು ಸಲ ಓದಿದೆ. ಎದ್ದು ನಿಂತು ಇನ್ನೊಂದು ಸಲ ಓದಿದೆ.

‘ಹಿಮದಾರಿ ಎಂದರೆ ಹೆಪ್ಪುಗಟ್ಟಿದ ನೀರಿನ ಮೇಲೆ ಜನ ದಾಟುವ ಹಾದಿ, ಹಾಗೂ ಆ ಹಾದಿ ಭಾರ ತಾಳದ ದಿನಗಳಲ್ಲಿ ಜನರನ್ನು ದಾಟಿಸುವ ಯಾವುದೇ ಬಂಡಿ.’

“ಲೊರೆಟ್ಟಾ!”

ನಾನು ಕೂಗಿದ್ದು ಕಾರಿಡಾರಿಗೆ ಕೇಳಿಸಿತಂತೆ. ಅವರು ಕಾಫಿ ಲೋಟ ಹಿಡಿದೇ ಓಡಿಬಂದರು. ಓದಿದರು. ಕಾಫಿ ನನ್ನ ಮೇಜಿನ ಮೇಲೆ ಚೆಲ್ಲಿತು, ಇಬ್ಬರೂ ಒರೆಸಲಿಲ್ಲ.

“ಇದು ಹಳೇ ಕಾನೂನು,” ಅಂದೆ. “ಈ ಮಸೂದೆಯೊಳಗೆ ಇಲ್ಲ. ಮಸೂದೆಯಲ್ಲಿ ಇಲ್ಲದ್ದನ್ನ ಅವರು ಹೊಡೆಯೋ ಹಾಗಿಲ್ಲ.”

“ಇಲ್ಲ.”

“ಮಸೂದೆಯಲ್ಲಿ ಇರೋದು ಒಂದೇ ಪದ. ಪದದೊಳಗೆ ಕೊಯ್ಯೋ ಹಾಗಿಲ್ಲ.”

“ಇಲ್ಲ.”

“ಅವರ ವಾಕ್ಯದಲ್ಲಿ ನಾನು ಕೊನೇ ಪದ ಒಂದನ್ನ ಬದಲಾಯಿಸ್ತೀನಿ. ‘ನಡೆಸಬಹುದು’ ತೆಗೆದು ‘ನಡೆಸತಕ್ಕದ್ದು’.”

ಲೊರೆಟ್ಟಾ ಅದನ್ನು ಒಂದು ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಬರೆದರು. ‘ಇಲಾಖೆಯು ರಾಜ್ಯದಲ್ಲಿ ಹಿಮದಾರಿ ನಡೆಸತಕ್ಕದ್ದು.’ ಮಾರ್ಕರ್ ತೆಗೆದುಕೊಂಡರು. ಮೊದಲ ಪದದ ಮೇಲೆ ತಂದರು, ಹಿಂದಕ್ಕೆಳೆದರು. ಮೂರನೆಯದರ ಮೇಲೆ ತಂದರು. ‘ನಡೆಸತಕ್ಕದ್ದು’ ಹೊಡೆದರೆ ವಾಕ್ಯವೇ ಇಲ್ಲ. ಅದನ್ನು ‘ಬಹುದು’ ಮಾಡಬೇಕಾದರೆ ಬರೆಯಬೇಕು. ಗವರ್ನರ್ ಅಳಿಸಬಹುದು, ಬರೆಯುವಂತಿಲ್ಲ. ಬರೆಯುವುದು ಶಾಸನಸಭೆಯ ಕೆಲಸ.

ಮೂರು ನಿಮಿಷ ಆಯಿತು. ಅವರು ಮಾರ್ಕರಿಗೆ ಮುಚ್ಚಳ ಹಾಕಿದರು.

“ಪೂರ್ತಿ ಹೊಡೆಯಬಹುದು,” ಅಂದರು.

“ಹೊಡೆದ್ರೆ ಅವರ ಮೀನಿನ ದಾರಿಯೂ ಹೋಯ್ತು.”

“ಅದೇ. ವೆರ್ನಾಗೆ ಫೋನ್ ಮಾಡು. ಬರೆಯೋದು ನಾವು, ಆದ್ರೆ ಇದು ಬೇಕು ಅಂತ ಅವಳೇ ಹೇಳ್ಬೇಕು.”

ವೆರ್ನಾ ಫೋನಿನಲ್ಲಿ ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಅವಳು ಬೈದ ಬೈಗುಳ ಸಂತೋಷದ್ದು ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ವಾಷಿಂಗ್‌ಟನ್ನಿಗೆ ಅವಳೇ ವಿಚಾರಿಸಿದಳು. ಹಳೇ ಕಾನೂನಿನ ಅರ್ಥ ನಮಗೆ ಸಾಕು, ನಿಮ್ಮ ಕಚೇರಿಯ ಒಂದು ಪತ್ರ ಜೊತೆಗಿರಲಿ ಅಂದರಂತೆ. ಎರಡು ಗಂಟೆಗೆ ಸಮಿತಿ ಆ ಒಂದು ಪದದ ಬದಲಾವಣೆಯನ್ನು ಚರ್ಚೆಯಿಲ್ಲದೆ ಒಪ್ಪಿತು. ಗವರ್ನರ್ ಪಕ್ಷದವರೂ ಕೈ ಎತ್ತಿದರು, ಹಿಮದಾರಿ ಅವರ ನಾಯಕನದೇ ಅಲ್ಲವೇ. ಗುರುವಾರ ಎರಡೂ ಸಭೆ ಬಜೆಟ್ ಪಾಸು ಮಾಡಿದವು. ಮಸೂದೆ ಗವರ್ನರ್ ಮೇಜಿಗೆ ಹೋಯಿತು. ಅವನಿಗೆ ಭಾನುವಾರ ಬಿಟ್ಟು ಆರು ದಿನ.

ನಾನು ಶನಿವಾರ ಅಮ್ಮನ ತರಕಾರಿ ಅಂಗಡಿಯಲ್ಲಿ ನಿಂತೆ. ಶಾಸನಸಭೆಯ ಕಟ್ಟಡದ ಸುತ್ತ ಪ್ರತಿ ಶನಿವಾರ ಸಂತೆ ಕೂರುತ್ತದೆ, ಹಿಂದೆ ವಲಸೆ ಬಂದು ಇಲ್ಲಿ ನೆಲೆಸಿದ ನಮ್ಮ ಹ್ಮಾಂಗ್ ಜನರ ಅಂಗಡಿಗಳೇ ಒಂದು ಸಾಲು. ಈರುಳ್ಳಿ ಸೊಪ್ಪು ಕಟ್ಟುತ್ತಾ ನಾಲ್ಕು ಪದಗಳನ್ನು ಮನಸ್ಸಿನಲ್ಲೇ ಕೊಯ್ಯುತ್ತಿದ್ದೆ. ಸೊಪ್ಪಿನ ಕಟ್ಟುಗಳು ಒಂದೊಂದು ಒಂದೊಂದು ದಪ್ಪ ಆದವು. “ಹುಡುಗ ಯಾರಾದ್ರೂ ಇದ್ರೆ ಹೇಳಿಬಿಡು,” ಅಂದಳು ಅಮ್ಮ.

ಮಂಗಳವಾರ ಬೆಳಿಗ್ಗೆ ಫೋನ್ ಬಂತು.

“ಝೂವಾ, ನಾನು ಡೆಸ್ಮಂಡ್. ಪುಟ ನಾನೂರ ಹದಿನೆಂಟು. ನಮ್ಮ ‘ಬಹುದು’ ನಿಮ್ಮಲ್ಲಿ ‘ತಕ್ಕದ್ದು’ ಆಗಿದೆ.”

“ಹೌದು.”

“ಯಾಕೆ?”

“ಯಾರು ಯಾಕೆ ಬರೆಸಿದ್ರು ಅಂತ ಹೇಳೋ ಹಾಗಿಲ್ಲ. ನೀವು ಇದೇ ಕುರ್ಚಿಯಲ್ಲಿ ಕೂತಿದ್ದೋರು, ನಿಮಗೆ ಗೊತ್ತು.”

“ಗೊತ್ತು. ಅದಕ್ಕೇ ಬೇರೆ ಥರ ಕೇಳ್ತೀನಿ.” ಅವನ ದನಿಯಲ್ಲಿ ಆಟದ ಖುಷಿ ಇತ್ತು. “ಹಿಮದಾರಿ ಅಂದ್ರೆ ಕಾನೂನಿನಲ್ಲಿ ಏನರ್ಥ?”

ಯಾರು ಕೇಳಿದರೂ, ಗವರ್ನರ್ ಕಚೇರಿ ಕೇಳಿದರೂ, ಇರುವ ಕಾನೂನಿನ ಅರ್ಥ ಹೇಳಬೇಕು. ಅದು ನನ್ನ ಕೆಲಸದ ಮೊದಲನೇ ದಿನ ಸಹಿ ಹಾಕಿದ ನಿಯಮ. ‘ಹುಡುಕಿ ಹೇಳ್ತೀನಿ’ ಅಂದು ಎರಡು ದಿನ ತಳ್ಳಬಹುದಿತ್ತು. ಎರಡೇ ದಿನ ಉಳಿದಿತ್ತು. ಒಂಬತ್ತು ಮಕ್ಕಳು ಒಂದು ಕಡೆ. ಇನ್ನೊಂದು ಕಡೆ, ನಾಳೆ ನನ್ನ ಮಾತನ್ನು ಯಾವ ಪಕ್ಷದವರೂ ನಂಬದಿದ್ದರೆ ನಾನು ಇಲ್ಲಿ ಕೂತು ಮಾಡುವುದಾದರೂ ಏನು?

“ಅಧ್ಯಾಯ ಎಂಬತ್ತಾರು, ಕಲಂ ಹದಿನಾಲ್ಕು,” ಅಂದೆ.

ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಅವನು ನಕ್ಕ, ಫೋನನ್ನು ದೂರ ಹಿಡಿದು ನಕ್ಕ.

“ಯಾವುದೇ ಬಂಡಿ! ಕುದುರೆ ಬಂಡಿಯ ಕಾನೂನು! ಕೋರ್ಟಿನಲ್ಲಿ ಇದು ನಿಲ್ಲುತ್ತೆ ಅಂದ್ಕೊಂಡಿದ್ದೀಯಾ?”

“ನೀವು ಏನಂದ್ಕೊಂಡಿದ್ದೀರಿ?”

“ನಿಲ್ಲುತ್ತೆ,” ಅಂದ. “ದರಿದ್ರದ್ದು, ನಿಲ್ಲುತ್ತೆ. ಆದ್ರೆ ಇನ್ನೂ ಎರಡು ದಿನ ಇದೆ ಝೂವಾ.” ಫೋನ್ ಇಟ್ಟ.

ವೆರ್ನಾಗೆ ನಾನೇ ಹೋಗಿ ಹೇಳಿದೆ. ಅವಳ ಕೋಣೆಯ ಬಾಗಿಲು ತೆರೆದೇ ಇತ್ತು, ಅವಳ ದನಿ ಮೂರು ಕೋಣೆ ದಾಟಿ ಹೋಯಿತು.

“ಹೇಳಿಬಿಟ್ಯಾ? ಅವನಿಗೇ ಹೇಳಿಬಿಟ್ಯಾ? ನಂಬರ್ ಸಮೇತ?”

“ಕೇಳಿದ್ರು. ಕಾನೂನು ಗುಟ್ಟಲ್ಲ. ಪುಸ್ತಕದಲ್ಲಿದೆ.”

“ನೂರು ವರ್ಷದಿಂದ ಪುಸ್ತಕದಲ್ಲೇ ಇತ್ತು! ಇನ್ನೆರಡು ದಿನ ಇರೋಕಾಗ್ತಿರ್ಲಿಲ್ವಾ ಅದಕ್ಕೆ?” ಅವಳು ಕುರ್ಚಿಯಲ್ಲಿ ಕುಕ್ಕರಿಸಿದಳು. “ಹೋಗು. ನಿನ್ನ ಮೇಲೆ ಕೂಗ್ತಾ ಇದ್ರೆ ನನ್ನ ಬಿ.ಪಿ. ಏರುತ್ತೆ, ಬೇರೇನೂ ಆಗಲ್ಲ. ಪೂರ್ತಿ ಹೊಡೀತಾನೆ ನೋಡ್ತಿರು.”

ಆ ಎರಡು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಗವರ್ನರ್ ಮೀನಿನವರಿಗೆ ಕೊಟ್ಟ ಮಾತು ಬಿಡುತ್ತಾನಾ, ಗಾಳಿಬಂಡಿ ನುಂಗುತ್ತಾನಾ? ಡೆಸ್ಮಂಡ್ ಎಲ್ಲಾದರೂ ನಾನು ಕಾಣದ ಒಂದು ಕೊಯ್ತ ಕಂಡಿದ್ದಾನಾ? ಬುಧವಾರ ಊಟದ ಹೊತ್ತಿನಲ್ಲಿ ಲೊರೆಟ್ಟಾ ಸದ್ದಿಲ್ಲದೆ ಆ ವಾಕ್ಯವನ್ನು ಮತ್ತೆ ಬರೆದು ಮಾರ್ಕರ್ ಹಿಡಿದು ಕೂತಿದ್ದನ್ನು ನೋಡಿದೆ. ಅವರೂ ನನ್ನನ್ನು ನೋಡಿದರು.

ಗುರುವಾರ ನಾಲ್ಕು ಗಂಟೆಗೆ ಸಹಿಯಾದ ಬಜೆಟ್ ಕೆಳಗೆ ಬಂತು, ಎರಡು ಪೆಟ್ಟಿಗೆಯಲ್ಲಿ. ಇಡೀ ಬಜೆಟ್ಟಿನಲ್ಲಿ ಐವತ್ತೊಂದು ಕಡೆ ಕಪ್ಪು ಗೆರೆ ಅಂತ ತಂದವನೇ ಹೇಳಿದ. ನಾನು ಎರಡನೇ ಪೆಟ್ಟಿಗೆಗೆ ಕೈ ಹಾಕಿದೆ. ನಾನೂರ ಹದಿನೈದು, ಹದಿನಾರು. ಪುಟಗಳು ಬೆರಳಿಗೆ ಅಂಟುತ್ತಿದ್ದವು. “ನಿಧಾನ, ಹರಿದೀಯ,” ಅಂದರು ಲೊರೆಟ್ಟಾ, ಅಂದು ತಾವೇ ನನ್ನ ಕೈಯಿಂದ ಕಿತ್ತುಕೊಂಡರು.

ನಾನೂರ ಹದಿನೆಂಟರಲ್ಲಿ ಕಪ್ಪು ಗೆರೆ ಇತ್ತು.

ಲೊರೆಟ್ಟಾ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಜೋರಾಗಿ ಓದಿದರು. “ಇಲಾಖೆಯು. ಹಿಮದಾರಿ. ನಡೆಸತಕ್ಕದ್ದು.”

ಹೊಡೆದಿದ್ದು ‘ರಾಜ್ಯದಲ್ಲಿ’ ಅನ್ನುವ ಒಂದೇ ಪದ. ಅದು ಹೋದರೆ ಏನೂ ಹೋಗುವುದಿಲ್ಲ. ನಮ್ಮ ಇಲಾಖೆ ಬೇರೆ ಯಾರ ರಾಜ್ಯದಲ್ಲಿ ದಾರಿ ನಡೆಸೀತು?

ನಾನು ಕಿರುಚಿದೆ. ಲೊರೆಟ್ಟಾ, ಮೂವತ್ತೊಂದು ವರ್ಷ ಯಾವ ವಾಕ್ಯಕ್ಕೂ ಮುಖದಲ್ಲಿ ಏನೂ ತೋರಿಸದ ಹೆಂಗಸು, ಎರಡೂ ಮುಷ್ಟಿ ಮೇಲೆತ್ತಿ ಕುಣಿದರು. ಪಕ್ಷ ಇಲ್ಲ, ಅಭಿಪ್ರಾಯ ಇಲ್ಲ ಅನ್ನುವುದು ನೆನಪಾಗಿ ನಾನು ಓಡಿ ಬಾಗಿಲು ಹಾಕಿದೆ.

ಐದು ನಿಮಿಷಕ್ಕೆ ಡೆಸ್ಮಂಡ್ ಫೋನ್ ಮಾಡಿದ. “ನೀವು ತಿದ್ದಿದ ಪುಟಾನ ಕೊಯ್ಯದೆ ಬಿಟ್ರೆ ನಮ್ಮೋರು ಸಹಿ ಹಾಕಲ್ಲ. ಏನಾದ್ರೂ ಹೊಡೀಬೇಕಿತ್ತು. ಆರು ಗಂಟೆ ಟೀವಿ ನೋಡು, ಗಾಳಿಬಂಡಿ ಅವರದೇ ಐಡಿಯಾ.”

“ಹೇಳ್ಕೊಳ್ಲಿ.”

“ಇನ್ನೊಂದು ಮಾತು. ಮಂಗಳವಾರ ನೀನು ಆ ಕಲಂ ಹೇಳದೇ ಇದ್ದಿದ್ರೆ ನಾನು ಸುಮ್ನೆ ಅನುಮಾನಕ್ಕೇ ಪೂರ್ತಿ ವಾಕ್ಯ ಹೊಡೀತಿದ್ದೆ. ಗೊತ್ತಿಲ್ಲದ್ದನ್ನ ನಾನು ಉಳಿಸಲ್ಲ. ಯಾವ ಬೆಲೆಗೆ ಏನು ಸಿಗುತ್ತೆ ಅಂತ ಗೊತ್ತಾದ್ಮೇಲೆ ಲೆಕ್ಕ ಹಾಕೋದು ಸುಲಭ ಆಯ್ತು.”

ನಿಜ ಹೇಳಿದನೋ, ಮುಂದಿನ ಸಲಕ್ಕೆ ಅಂತ ನನಗೆ ಬೆಣ್ಣೆ ಹಚ್ಚಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ವೆರ್ನಾ ಆಗ ದ್ವೀಪಕ್ಕೆ ಹೋಗುವ ದೋಣಿಯಲ್ಲಿದ್ದಳು. ಎಂಜಿನ್ ಸದ್ದು, ಗಾಳಿ, ಯಾರೋ ಮಕ್ಕಳ ಗಲಾಟೆ. ನಾನು ಮೂರು ಪದ ಓದಿದೆ.

“ಇನ್ನೊಂದ್ಸಲ ಓದು.”

ಓದಿದೆ.

“ಸೋಮವಾರ?”

“ಸೋಮವಾರ.”

“ಮಂಗಳವಾರ? ಬುಧವಾರ?”

“ವೆರ್ನಾ, ಎಲ್ಲ ದಿನ. ದಿನದ ಹೆಸರೇ ಇಲ್ಲ ಅದರಲ್ಲಿ.”

ಅವಳು ಫೋನ್ ಕೆಳಗಿಳಿಸಿ ಏನೋ ಕೂಗಿದಳು. ಆ ಕಡೆಯಿಂದ ಬಂದ ಕೇಕೆಗೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ದೋಣಿಯವನು ಸೈರನ್ ಒತ್ತಿದ, ಒತ್ತಿಯೇ ಇಟ್ಟ. ಅದು ನಿಲ್ಲುವವರೆಗೂ ನಾವಿಬ್ಬರೂ ಕಾದೆವು.

“ಹುಡುಗೀ,” ಅಂದಳು ವೆರ್ನಾ, ಉಸಿರು ಎಳೆದುಕೊಳ್ಳುತ್ತಾ, “ಈ ಬಂಡಿ ಓಡ್ಸೋಕೆ ಲೈಸೆನ್ಸ್ ಇರೋನು ಇಡೀ ಕೌಂಟಿಯಲ್ಲಿ ಒಬ್ಬನೇ. ಅವನು ನವೆಂಬರಿಗೆ ರಿಟೈರ್ ಆಗ್ತಾನೆ. ಕಾಗದ ತಗೋ, ಬರ್ಕೋ.”

ನಾನು ಕಾಗದ ಎಳೆದುಕೊಂಡೆ.